ಶೆವಂತಾ ಗಳಿಸಿದ ಸಂಜೆ

ಶೆವಂತಾಳ ಮಡಿಲು ತುಂಬಲಿಲ್ಲ ಎಂಬ ಚಿಂತೆ ಆಕೆಯ ಗಂಡನ ಊರಾದ ನೂಲಕ್ಕೆಲ್ಲ ಇತ್ತು. ಮದುವೆಯಾಗಿ ಮೂರು ವರ್ಷ. ಬಾವಿಯ ಹತ್ತಿರ ಕೊಡ ಇಳಿಸಿದವರೂ ಅದನ್ನೇ ಕೇಳುವರು, ಗಡಹಿಂಗ್ಲಜದ ಸಂತೆಗೆ ಹೊರಟವರೂ ಅದನ್ನೇ ಕೇಳುವರು. ಒಬ್ಬಳು ಬೇರು ತೇಯ್ದು ಕೊಟ್ಟಳು, ಇನ್ನೊಬ್ಬಳು ತಾಯತ ಕಟ್ಟಿದಳು, ಮತ್ತೊಬ್ಬಳು ಮಂಗಳವಾರದ ಉಪವಾಸ ಹೇಳಿಕೊಟ್ಟಳು. ಗಂಡ ಹೆಂಡತಿ ಒಂದೇ ಹೊತ್ತಿನಲ್ಲಿ ಒಂದೇ ಸೂರಿನ ಕೆಳಗೆ ಇರುತ್ತಾರೋ ಇಲ್ಲವೋ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ ಆ ಉಪವಾಸವಾದರೂ ತಪ್ಪುತ್ತಿತ್ತು.

ಆಕೆಯ ಗಂಡ ಗುಂಡು ಇಚಲಕರಂಜಿಯ ಒಂದು ದೊಡ್ಡ ಶೆಡ್ಡಿನಲ್ಲಿ ಕರೆಂಟಿನ ಮಗ್ಗ ನಡೆಸುತ್ತಿದ್ದ. ಹಗಲು ಪಾಳಿ ಹಳಬರಿಗೆ, ಹಳ್ಳಿಯಿಂದ ಹೊಸದಾಗಿ ಬಂದವರಿಗೆ ರಾತ್ರಿ ಪಾಳಿ ಎಂಬುದು ಅಲ್ಲಿಯ ರಿವಾಜು. ಸಂಜೆ ಎಂಟಕ್ಕೆ ಒಳಗೆ ಹೋದ ಮನುಷ್ಯ ಬೆಳಿಗ್ಗೆ ಎಂಟಕ್ಕೆ ಹತ್ತಿಯ ಪುಡಿ ಮೆತ್ತಿಕೊಂಡು ಹೊರಗೆ ಬರುತ್ತಿದ್ದ. ಇಬ್ಬರೂ ಇದ್ದದ್ದು ಇಚಲಕರಂಜಿಗೆ ಹೊಂದಿಕೊಂಡ ಕಬನೂರಿನ ಬಾಡಿಗೆಯ ಕೋಣೆಯಲ್ಲಿ. ಶೆವಂತಾ ದುಡಿಯುತ್ತಿದ್ದದ್ದು ಅಲ್ಲಿಯೇ, ಜಿನಪಾಲ ಎಂಬವರ ಎಂಟು ಮಗ್ಗದ ಶೆಡ್ಡಿನಲ್ಲಿ. ಮಗ್ಗದ ಲಾಳಿಯೊಳಗೆ ಕೂಡಿಸುವ ಬೆರಳುದ್ದದ ಕೊಳವೆಗೆ ಅಲ್ಲಿ ಕಾಂಡಿ ಎನ್ನುತ್ತಾರೆ. ಅದಕ್ಕೆ ಯಂತ್ರದ ಮೇಲೆ ನೂಲು ಸುತ್ತುವುದು ಹೆಂಗಸರ ಕೆಲಸ. ಕಾಂಡಿ ತುಂಬದಿದ್ದರೆ ಮಗ್ಗ ಹಸಿದು ನಿಲ್ಲುತ್ತದೆ. ಹೀಗಾಗಿ ಐದು ಜನ ಹೆಂಗಸರು ಬೆಳಿಗ್ಗೆ ಏಳಕ್ಕೆ ಸರಿಯಾಗಿ ಹಾಜರಿರಬೇಕು. ಸಂಜೆ ನಾಲ್ಕಕ್ಕೆ ಬಿಡುಗಡೆ.

ನಾಲ್ಕಕ್ಕೆ ಎಂದರೆ ಯಾವ ನಾಲ್ಕಕ್ಕೆ ಎಂಬುದೇ ತಕರಾರು. ಜಿನಪಾಲರ ಶೆಡ್ಡಿನಲ್ಲಿ ಅವರ ತಂದೆಯ ಕಾಲದ ಒಂದು ಗೋಡೆ ಗಡಿಯಾರವಿತ್ತು. ಆ ವರ್ಷಗಳಲ್ಲಿ ದಿನವೂ ಕರೆಂಟಿನ ಬರ. ಹೋದರೆ ಮೂರು ತಾಸು, ನಾಲ್ಕು ತಾಸು ಪತ್ತೆಯಿಲ್ಲ. ಕರೆಂಟು ಹೋದ ಕೂಡಲೇ ಜಿನಪಾಲರು ಎದ್ದು ಬಂದು, ಗಡಿಯಾರದ ಗಾಜು ತೆರೆದು, ತೂಗಾಡುವ ಲಂಬಕವನ್ನು ಎರಡು ಬೆರಳಲ್ಲಿ ಹಿಡಿದು ನಿಲ್ಲಿಸುತ್ತಿದ್ದರು. ಕರೆಂಟು ಬಂದ ಮೇಲೆ ಮತ್ತೆ ಅವರೇ ತೂಗಿಬಿಡಬೇಕು. ಮುಳ್ಳು ಸರಿಯಾದ ಹೊತ್ತಿಗೆ ತಿರುಗುತ್ತಿದ್ದದ್ದು ಮರುದಿನ ಬೆಳಿಗ್ಗೆಯೇ. ನಡುವಿನ ಹೊತ್ತು ಹುಟ್ಟಲೇ ಇಲ್ಲ. ಹೊರಗೆ ಪಾನಪಟ್ಟಿಯ ಅಂಗಡಿಯವನು ದೀಪ ಹಚ್ಚಿ, ಊದಿನಕಡ್ಡಿ ತಿರುಗಿಸುತ್ತಿದ್ದರೂ ಜಿನಪಾಲರ ಗೋಡೆಯ ಮೇಲೆ ಇನ್ನೂ ಮಧ್ಯಾಹ್ನ ಎರಡೂವರೆ. ಅವರು ಇದನ್ನು ಮೋಸವೆಂದು ಮಾಡುತ್ತಿರಲಿಲ್ಲ. ಮಗ್ಗ ನಿಂತರೆ ದಿನವೂ ನಿಂತಂತೆ ಎಂದು ತಂದೆ ಕಲಿಸಿದ್ದರು, ಮಗ ನಂಬಿದ್ದರು.

ಕರೆಂಟು ಹೋದಾಗ ಹೆಂಗಸರು ಮನೆಗೆ ಹೋಗುವಂತಿರಲಿಲ್ಲ. ಯಾವ ಗಳಿಗೆಯಲ್ಲಿ ಬರುತ್ತದೆಯೋ ಯಾರಿಗೆ ಗೊತ್ತು! ಕೈಯನ್ನು ಮಡಿಲಲ್ಲಿಟ್ಟುಕೊಂಡು, ಸೆಕೆಯಲ್ಲಿ, ಎಣ್ಣೆಯ ವಾಸನೆಯಲ್ಲಿ ಕೂಡಬೇಕು. ಬಿಡುವ ಹೊತ್ತಿಗೆ ಏಳಾಗುತ್ತಿತ್ತು, ಏಳೂವರೆಯಾಗುತ್ತಿತ್ತು. ಶೆವಂತಾ ಸೆರಗು ಬಿಗಿದು ಓಡುವಳು. ಗುಂಡು ಬುತ್ತಿಗಂಟು ಹಿಡಿದು ಎದುರಿಗೆ ಬರುವನು. ಇಬ್ಬರ ಸಂಸಾರವೆಲ್ಲ ಓಣಿಯ ತಿರುವಿನಲ್ಲಿ ನಿಂತು ನಡೆಯಬೇಕು.

"ಪಲ್ಯಾ ಮುಚ್ಚಿಟ್ಟೇನಿ," ಎನ್ನುವನು ಗುಂಡು.

"ನೀರ ಬಂದಿತ್ತೇನ್ರಿ?" ಎನ್ನುವಳು ಶೆವಂತಾ.

ಅಷ್ಟೇ. ಬೆಳಿಗ್ಗೆ ಆತ ಬರುವಷ್ಟರಲ್ಲಿ ಆಕೆ ಹೋಗಿರುತ್ತಿದ್ದಳು. ಆತ ಮಲಗಿದ ಹಾಸಿಗೆ ಆಕೆಗೆ ಗೊತ್ತು, ಆಕೆ ಮಾಡಿಟ್ಟ ರೊಟ್ಟಿ ಆತನಿಗೆ ಗೊತ್ತು. ಇನ್ನು ವಾರಕ್ಕೊಂದು ಶುಕ್ರವಾರ ಊರಿಗೆಲ್ಲ ಕರೆಂಟಿಲ್ಲ, ಮಗ್ಗಗಳಿಗೆ ಸೂಟಿ. ಆವತ್ತು ಶೆವಂತಾ ಅರ್ಧ ದಿನ ಶೆಡ್ಡು ಗುಡಿಸಿ ಯಂತ್ರ ಒರೆಸಬೇಕು. ಗುಂಡು ಬೆಳಗಿನ ಬಸ್ಸಿಗೆ ನೂಲಕ್ಕೆ ಹೋಗಬೇಕು, ಯಾಕೆಂದರೆ ಆತನ ತಾಯಿ ಧೊಂಡುಬಾಯಿ ಮಗನ ಸೂಟಿಯನ್ನು ತನ್ನ ಹೆಸರಿಗೆ ಬರೆದಿಟ್ಟುಕೊಂಡಿದ್ದಳು. ಒಂದು ವಾರ ಗೋಡೆ ಬಿದ್ದಿತು ಬಾ, ಇನ್ನೊಂದು ವಾರ ಎಮ್ಮೆ ಈಯಿತು ಬಾ. ಮಗ ಮೀಸೆ ಬಂದ ಗಂಡಸಾದರೂ ತಾಯಿಯ ಮುಂದೆ ಬಾಯಿಲ್ಲದ ಬಸವಣ್ಣ.

ಇಂಥ ಧೊಂಡುಬಾಯಿ ಸಾವಿರದ ಒಂಬೈನೂರ ಎಂಬತ್ತೊಂದರ ಯುಗಾದಿಗೆ ಸೊಸೆಯನ್ನು ಒಲೆಯ ಮುಂದೆ ಕೂಡಿಸಿಕೊಂಡು ನೆಟ್ಟಗೆ ಹೇಳಿದಳು: "ನೋಡ ಶೆವಂತಾ, ನೀ ಕೆಟ್ಟಾಕಿ ಅಂತ ನಾ ಅನ್ನಂಗಿಲ್ಲ. ಖರೆ ಮನಿತನ ಬೆಳೀಬೇಕಲಾ? ಮಹಾಗಾಂವದಾಗ ಒಂದ ಹುಡುಗಿ ಐತಿ, ಬಡವರ ಮಂದಿ. ದಸರಾತನಕ ನೋಡತೇನಿ. ಆಮ್ಯಾಲ ಗುಂಡೂಗ ಇನ್ನೊಂದ ಮಾಡತೇನಿ. ನೀನೂ ಇರು, ಯಾರ ಬ್ಯಾಡಂದಾರ?"

ಶೆವಂತಾ ಒಲೆಯ ಕಡ್ಡಿಯನ್ನು ಒಳಗೆ ನೂಕಿದಳು. ಅತ್ತೆಗೆ ಏನೆಂದು ಹೇಳುವುದು? ನಿಮ್ಮ ಮಗನ ಮುಖ ನಾನು ಬೀದಿಯಲ್ಲಿ ನೋಡುತ್ತೇನೆ ಎಂದೇ? ಗುಂಡು ಅಂಗಳದಲ್ಲಿದ್ದವನು ಕೇಳಿಯೂ ಕೇಳದವನಂತೆ ಎಮ್ಮೆಯ ಮೈ ಉಜ್ಜಿದ. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕುಳಿತು ಶೆವಂತಾ ಅತ್ತಳು. ಆಕೆಗೆ ಇನ್ನೊಬ್ಬಳ ಭಯಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಬೇಕಾಗಿದ್ದದ್ದು ಬೇರೂ ಅಲ್ಲ, ತಾಯತವೂ ಅಲ್ಲ. ಬೆಳಕಿರುವಾಗ ಮನೆ ಮುಟ್ಟುವ ಒಂದು ಸಂಜೆ.

ಆ ಸಂಜೆಯನ್ನು ಸರಕಾರ ಆಕೆಗೆ ಯಾವತ್ತೋ ಕೊಟ್ಟಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ. ಶೆಡ್ಡಿನ ಬಾಗಿಲ ಹಿಂದೆ ಮರಾಠಿಯಲ್ಲಿ ಅಚ್ಚಾದ ಸರಕಾರಿ ಕಾಯ್ದೆಯ ಒಂದು ಹಲಗೆ ತೂಗುಹಾಕಿದ್ದರು: ದಿನಕ್ಕೆ ಇಷ್ಟೇ ತಾಸು, ಹೆಂಗಸರಿಗೆ ಸಂಜೆ ಏಳರ ನಂತರ ಕೆಲಸವಿಲ್ಲ, ಇಂತಿಷ್ಟು ವಿಶ್ರಾಂತಿ. ಅದರ ಮೇಲೆ ಯಾರದೋ ಅಂಗಿ ಯಾವಾಗಲೂ ನೇತಾಡುತ್ತಿತ್ತು. ಶೆವಂತಾಳ ಜೊತೆ ಕಾಂಡಿ ಸುತ್ತುತ್ತಿದ್ದ ಹಿರಿಯಳು ಹೌಸಾಬಾಯಿ ಒಮ್ಮೆ ಯೂನಿಯನ್ನಿನ ಆಫೀಸಿಗೆ ಹೋಗಿ, ತಮ್ಮ ಶೆಡ್ಡಿನಲ್ಲಿ ಹೊತ್ತು ನಿಲ್ಲುವ ಕತೆ ಹೇಳಿ ಬಂದಳು. ಅವರು ಸರಕಾರಿ ಲೇಬರ್ ಸಾಹೇಬರಿಗೆ ಅರ್ಜಿ ಕೊಟ್ಟರು. ವೈಶಾಖದ ಒಂದು ಮಧ್ಯಾಹ್ನ ಸಾಹೇಬರು ಸೈಕಲ್ ಏರಿ ಬಂದೇಬಿಟ್ಟರು. ದೈವಕ್ಕೆ ಕರೆಂಟೂ ಹೋಗಿತ್ತು. ಗಡಿಯಾರವೂ ನಿಂತಿತ್ತು. ಅದನ್ನು ನಿಲ್ಲಿಸಿಟ್ಟು ಜಿನಪಾಲರು ನೂಲಿನ ವ್ಯಾಪಾರಿಯ ಹತ್ತಿರ ಹೋಗಿದ್ದರು. ಇದಕ್ಕಿಂತ ಒಳ್ಳೆಯ ಮುಹೂರ್ತವನ್ನು ಜೋಯಿಸರೂ ತೆಗೆದುಕೊಡಲಾರರು.

ಸಾಹೇಬರು ಒಳಗೆ ಇಣುಕಿದರು. ಐದು ಹೆಂಗಸರು ಗೋಡೆಗೆ ಒರಗಿ ಕುಳಿತಿದ್ದರು. ಬಾಗಿಲಿಗೆ ಹತ್ತಿರವಿದ್ದವಳು ಶೆವಂತಾ.

"ಕಾಯ್ ಕರತಾಯ್ ಬಾಯಿ?" ಎಂದು ಕೇಳಿದರು. ಏನು ಮಾಡುತ್ತಿದ್ದೀರಿ ಎಂದಷ್ಟೇ.

ಕಾಯುತ್ತಿದ್ದೇವೆ, ನಮ್ಮನ್ನು ಬಿಡುವುದಿಲ್ಲ ಎನ್ನಬೇಕಾಗಿತ್ತು. ಆದರೆ ನೂಲದ ಹೆಣ್ಣುಮಗಳು ಕೈ ಖಾಲಿ ಇಟ್ಟುಕೊಂಡು ಪರಗಂಡಸಿನ ಕಣ್ಣಿಗೆ ಬೀಳುವುದೆಂದರೆ ಬೆತ್ತಲೆ ನಿಂತಂತೆ. ಕೂತದ್ದಕ್ಕೆ ಪಗಾರ ಕೇಳುವುದು ಇನ್ನೂ ನಾಚಿಕೆ. ಅದರ ಮೇಲೆ ಮಾಲೀಕರು ಇಲ್ಲದಾಗ ಅವರ ಮನೆಯ ಮಾತು ಹೊರಗಿನವರಿಗೆ ಹೇಳುವುದೇ? ಶೆವಂತಾ ಧಡಕ್ಕನೆ ಎದ್ದು, ತಲೆಯ ಮೇಲೆ ಸೆರಗೆಳೆದುಕೊಂಡು, ತನಗೆ ಬಂದ ಮರಾಠಿಯಲ್ಲಿ, ಕೆಲಸವಿಲ್ಲ ಸಾಹೇಬ, ವಿಶ್ರಾಂತಿ ನಡೆದಿದೆ ಎಂದುಬಿಟ್ಟಳು. ಗಡಿಯಾರ ಯಾಕೆ ನಿಂತಿದೆ ಎಂದರೆ, ಕೆಟ್ಟಿದೆ ಎಂದಳು. ಅರ್ಜಿ ಯಾರಿಂದ ಹೋಯಿತೆಂಬುದು ಬಯಲಾಗಬಾರದೆಂದು ಹಿಂದೆ ಕುಳಿತಿದ್ದ ಹೌಸಾಬಾಯಿ ಕಾಲು ಚಿವುಟಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಸಾಹೇಬರು ಆಕೆ ಹೇಳಿದ್ದನ್ನೇ ಬರೆದುಕೊಂಡರು. ಪೆನ್ನು ಕಿಸೆಗೆ ಸಿಕ್ಕಿಸುತ್ತ, ಒಂದು ಮಾತು ಆಡಿದರು: ವಿಶ್ರಾಂತಿಯೆಂದರೆ ಸರಿಯೇ ಬಾಯಿ, ಆದರೆ ಇಲ್ಲಿಯೇ ಯಾಕೆ ಕೂತಿದ್ದೀರಿ? ವಿಶ್ರಾಂತಿಯ ಹೊತ್ತು ಕೆಲಸಗಾರನ ಸ್ವಂತದ್ದು. ಮನೆಗೂ ಹೋಗಬಹುದು, ಪೇಟೆಗೂ ಹೋಗಬಹುದು. ಹೋಗಗೊಡದೆ ಕೂಡಿಸಿಕೊಂಡರೆ ಮಾತ್ರ ಅದು ಕೆಲಸದ ತಾಸು. ಇಷ್ಟು ಹೇಳಿ ಸೈಕಲ್ ಏರಿ ಹೋದರು.

"ಎಂಥಾಕಿ ಹುಟ್ಟಿದಿ ನೀನು!" ಎಂದು ಹೌಸಾಬಾಯಿ ಹಣೆ ಬಡಿದುಕೊಂಡಳು. "ಸರಕಾರ ಸೈಕಲ್ ಮ್ಯಾಲ ಬಾಗಲಿಗೆ ಬಂದಿತ್ತ. ನೀ ಅದಕ್ಕ ವಿಶ್ರಾಂತಿ ಕೊಟ್ಟ ಕಳಿಸಿದಿ."

ಆ ದಿನ ಬಿಟ್ಟದ್ದು ಏಳೂವರೆಗೆ. ಓಣಿಯ ತಿರುವಿನಲ್ಲಿ ಗುಂಡುವಿಗೆ ನಡೆದದ್ದನ್ನು ಹೇಳಬೇಕೆಂದುಕೊಂಡವಳು ನೀರಿನ ಮಾತನ್ನೇ ಕೇಳಿದಳು. ಆತನಿಗೂ ಹೊತ್ತಾಗಿತ್ತು, ಹೋದ. ಶೆವಂತಾ ಒಬ್ಬಳೇ ಉಂಡಳು. ತನ್ನ ಸಂಜೆಯನ್ನು ತಾನೇ ಕೈಯಾರೆ ದೂಡಿದೆ ಎಂದು ತನ್ನನ್ನೇ ಬೈದುಕೊಂಡಳು. ಆದರೆ ಆಕೆಯದು ಒಂದು ಗುಣ; ಯಾರಾದರೂ ಆಡಿದ ಮಾತು ತಲೆಯೊಳಗೆ ಹೊಕ್ಕರೆ ಕಾಂಡಿಗೆ ಎಳೆ ಸುತ್ತಿದಂತೆ ಸುತ್ತುತ್ತಲೇ ಇರುವಳು. ವಿಶ್ರಾಂತಿಯ ಹೊತ್ತು ಕೆಲಸಗಾರನ ಸ್ವಂತದ್ದು. ಸರಿ, ವಿಶ್ರಾಂತಿ ಅಂತ ನಾನೇ ಹೇಳಿದೆ. ಸಾಹೇಬರು ಬರೆದುಕೊಂಡೂ ಹೋದರು. ಹಾಗಾದರೆ?

ಮರುದಿನ ಹನ್ನೊಂದಕ್ಕೆ ಕರೆಂಟು ಹೋಯಿತು. ಜಿನಪಾಲರು ಬಂದು ಲಂಬಕ ಹಿಡಿದು ನಿಲ್ಲಿಸಿ ತಿರುಗುವಷ್ಟರಲ್ಲಿ ಶೆವಂತಾ ಚಪ್ಪಲಿ ಮೆಟ್ಟಿದ್ದಳು.

"ಎಲ್ಲಿಗಿ?" ಎಂದರು ಜಿನಪಾಲರು.

"ಮನಿಗಿರಿ ಮಾಲಕರ. ಇದು ವಿಶ್ರಾಂತಿ ಅಂತ ಸಾಹೇಬರು ಬರಕೊಂಡ ಹೋಗ್ಯಾರ. ವಿಶ್ರಾಂತಿ ನಾ ಮನ್ಯಾಗ ತಗೋತೇನ್ರಿ."

ನೌಕರಿ ಹೋದರೆ ಕಬನೂರಿನ ಬಾಡಿಗೆಯ ಕೋಣೆಯೂ ಹೋದಂತೆ, ಮತ್ತೆ ನೂಲ, ಮತ್ತೆ ಅತ್ತೆಯ ಒಲೆ, ಆ ಒಲೆಯ ಪಕ್ಕ ಮಹಾಗಾಂವದ ಹುಡುಗಿ. ಆದರೂ ಹೊಸ್ತಿಲು ದಾಟಿದಳು. ಹಿಂದೆ ಹೌಸಾಬಾಯಿ ಎದ್ದಳು. ಆಕೆ ಎದ್ದ ಮೇಲೆ ಉಳಿದ ಮೂವರು ಕೂಡುವುದುಂಟೇ?

ಮನೆಯಲ್ಲಿ ಗುಂಡು ಅಂಗಾತ ಬಿದ್ದು ಗೊರಕೆ ಹೊಡೆಯುತ್ತಿದ್ದ. ಬಾಗಿಲು ಸಪ್ಪಳವಾದದ್ದೇ ಕಣ್ಣುಜ್ಜಿಕೊಂಡು ಎದ್ದು ಕುಳಿತ.

"ಯಾರವ್ವಾ? ಆಕಿ ಮನ್ಯಾಗಿಲ್ಲ, ಕಾಂಡಿಗಿ ಹೋಗ್ಯಾಳ," ಎಂದ.

"ಆಕೀನ ಬಂದಾಳ್ರಿ. ಏಳ್ರಿ, ಮಾರಿ ತೊಳಕೊಳ್ರಿ."

ಇಬ್ಬರೂ ನಕ್ಕರು. ನಗುವಾಗ ಗುಂಡುವಿನ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂಬುದು ಶೆವಂತಾಳಿಗೆ ಮದುವೆಯಾದ ಮೂರು ವರ್ಷಕ್ಕೆ ತಿಳಿಯಿತು. ಬಿಸಿ ರೊಟ್ಟಿ ಬಡಿದಳು. ಆತ ಉಳ್ಳಾಗಡ್ಡಿ ಗುದ್ದಿ ಒಡೆದ. ಒಂದೇ ಗಂಗಾಳದಲ್ಲಿ ಕೂತು ಉಣ್ಣುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು.

ಜಿನಪಾಲರು! ಎರಡಕ್ಕೆ ಕರೆಂಟು ಬಂದಿತ್ತು, ಇದ್ದ ಕಾಂಡಿ ಮುಗಿದು ಎಂಟೂ ಮಗ್ಗ ನಿಂತಿದ್ದವು. ಸಿಟ್ಟಿನಿಂದ ಬಂದ ಮನುಷ್ಯ, ಗಂಡ ಹೆಂಡತಿ ಉಣ್ಣುವುದನ್ನು ಕಂಡು ಮುಖ ಪಕ್ಕಕ್ಕೆ ತಿರುಗಿಸಿದರು. ಶೆವಂತಾ ಕೈ ತೊಳೆದು ಎದ್ದು ನಿಂತಳು.

"ಲೈಟ ಬಂದೈತಿ," ಎಂದರು. "ಮಗ್ಗ ನಿಂದರಿಸಿ ಇಲ್ಲೆ ಹಬ್ಬಾ ಮಾಡಾಕತ್ತೀರಿ? ಇದು ಬರೂಬರಿ ಅಲ್ಲ ಶೆವಂತಾ. ನಮ್ಮಪ್ಪನ ಕಾಲದಿಂದ ನಡದ ಪದ್ಧತಿ ಇದು."

"ಬರತೇನ್ರಿ ಮಾಲಕರ, ಈಗ ಬರತೇನಿ. ಖರೆ ಒಂದ ಮಾತ ಕೇಳಲೇನ್ರಿ? ನೀವು ಹೊತ್ತ ಮುಳಗೂದರಾಗ ಉಣ್ಣವರು."

ಜಿನಪಾಲರು ಹೌದೆಂದು ತಲೆಯಾಡಿಸಿದರು. ಜೈನರ ಮನೆಯಲ್ಲಿ ಕತ್ತಲಾದ ಮೇಲೆ ಬಾಯಿಗೆ ಅನ್ನವಿಲ್ಲ. ಅವರು ಈ ನೇಮವನ್ನು ಹುಟ್ಟಿದಾಗಿನಿಂದ ತಪ್ಪಿಸಿದವರಲ್ಲ. ದಿನಾಲು ಸಂಜೆ ಸೂರ್ಯ ಇಳಿಯುವ ಮೊದಲು ಶೆಡ್ಡಿನಿಂದ ಎದ್ದು ಮನೆಗೆ ಹೋಗಿ ಉಂಡು ಬರುತ್ತಿದ್ದರು.

"ಲೈಟ ಹೋಗಿತ್ತಂತ ಆ ಸೂರ್ಯಪ್ಪ ನಿಮ್ಮ ಸಲುವಾಗಿ ಎಂದರ ನಿಂತಾನೇನ್ರಿ? ನಿಮ್ಮ ಊಟಕ್ಕ ಹೊರಗಿನ ಹೊತ್ತು, ನಮ್ಮ ದುಡಿಮಿಗಿ ಗ್ವಾಡಿ ಮ್ಯಾಲಿನ ಹೊತ್ತು. ಎರಡ ಹೊತ್ತ ಎಲ್ಲಿಂದ ಬಂದೂರಿ? ನಮ್ಮನ್ನ ಕುಂಡ್ರಿಸಿಕೊಳ್ರಿ, ಕುಂಡ್ರತೇವಿ. ಖರೆ ಕುಂತದ್ದೂ ಹೊತ್ತಽ ಅಲ್ರಿ? ನಮ್ಮ ಮನ್ಯಾಗೂ ಸಂಜಿ ಆಕ್ಕೈತ್ರಿ."

ಇಷ್ಟು ಉದ್ದದ ಮಾತನ್ನು ಆಕೆ ಹುಟ್ಟಿ ಯಾರ ಮುಂದೂ ಆಡಿರಲಿಲ್ಲ. ಗುಂಡು ಗಂಗಾಳದ ಮುಂದೆ ಬಾಯಿ ತೆರೆದುಕೊಂಡೇ ಕುಳಿತ. ಜಿನಪಾಲರ ಮುಖ ಕೆಂಪಾಯಿತು. "ಭಾಳ ಮಾತ ಕಲ್ತಿ. ಇಂಥವರ ನಮಗ ಬ್ಯಾಡ," ಎಂದು ತಿರುಗಿ ನಡೆದೇಬಿಟ್ಟರು.

ಅಲ್ಲಿಗೆ ಆಯಿತು ಎಂದುಕೊಂಡಳು ಶೆವಂತಾ. ಆದರೂ ಮರುದಿನ ಏಳಕ್ಕೆ ಹೋಗಿ ಬಾಗಿಲಲ್ಲಿ ನಿಂತಳು. ಬಿಡು ಎಂದರೆ ಮುಖದ ಮೇಲೆಯೇ ಅನ್ನಲಿ. ಜಿನಪಾಲರು ಪೇಪರು ಓದುತ್ತಿದ್ದರು. ನೋಡಿದರು, ಪುಟ ತಿರುವಿದರು. ಹೌಸಾಬಾಯಿ ಪಕ್ಕದ ಜಾಗ ಒರೆಸಿ ಕೊಟ್ಟಳು. ಯಂತ್ರ ತಿರುಗಿತು. ಹತ್ತರ ಸುಮಾರಿಗೆ ಕರೆಂಟು ಹೋಯಿತು.

ಎಂಟು ಮಗ್ಗ ಒಮ್ಮೆಲೇ ಸುಮ್ಮನಾದರೆ ಕಿವಿ ಗುಂಯ್ ಎನ್ನುತ್ತದೆ. ಆ ನಿಶ್ಶಬ್ದದಲ್ಲಿ ಗಡಿಯಾರದ ಟಿಕ್ ಟಿಕ್ ಎಲ್ಲರಿಗೂ ಕೇಳಿಸಿತು. ಜಿನಪಾಲರು ಎದ್ದರು. ಗಡಿಯಾರದ ಕೆಳಗೆ ಹೋಗಿ ಗಾಜು ತೆರೆದರು, ಕೈ ಎತ್ತಿದರು. ಹೆಂಗಸರೂ ನೇಕಾರರೂ ನೋಡುತ್ತಲೇ ಇದ್ದರು. ಶೆವಂತಾ ಮಾತ್ರ ನೆಲ ನೋಡಿದಳು. ಎಷ್ಟೋ ಹೊತ್ತು ನಿಂತ ಆ ಮನುಷ್ಯ ಹೆಗಲ ಮೇಲಿನ ವಸ್ತ್ರದಿಂದ ಗಾಜಿನ ಧೂಳು ಒರೆಸಿ, ಗಡಿಯಾರದ ಬಾಗಿಲು ಮುಚ್ಚಿ, ತಮ್ಮ ಕುರ್ಚಿಗೆ ಬಂದು ಕುಳಿತರು. "ಕುಂದ್ರೂದ ಯಾಕ, ನೂಲಿನ ಗಂಟರ ಬಿಚ್ರಿ," ಎಂದರು, ಯಾರನ್ನೂ ನೋಡದೆ.

ಆ ದಿನ ಗಡಿಯಾರ ನಾಲ್ಕು ಹೊಡೆದಾಗ ಹೊರಗೂ ನಾಲ್ಕೇ ಆಗಿತ್ತು. ಹೌಸಾಬಾಯಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ, "ಬಾಯಿಲೆ ಕೆಡಿಸಿದಿ, ಬಾಯಿಲೆ ಗಳಿಸಿದಿ," ಎಂದು ಶೆವಂತಾಳ ಬೆನ್ನಿಗೊಂದು ಗುದ್ದಿದಳು. ನಾಲ್ಕಾರು ದಿನಗಳಲ್ಲಿ ಆ ಹಲಗೆಯ ಮೇಲಿನ ಅಂಗಿಯೂ ಬೇರೆ ಮೊಳೆಗೆ ಹೋಯಿತು. ಯಾರು ತೆಗೆದರೋ, ಯಾರೂ ಕೇಳಲಿಲ್ಲ. ಮಧ್ಯದಲ್ಲಿ ಒಂದೆರಡು ಸಲ ಹಳೆಯ ಚಟಕ್ಕೆ ಮಾಲೀಕರ ಕೈ ಗೋಡೆಯ ಗಡಿಯಾರದತ್ತ ಹೋದದ್ದುಂಟು. ಆಗೆಲ್ಲ ಹೌಸಾಬಾಯಿ ಜೋರಾಗಿ ಕೆಮ್ಮುತ್ತಿದ್ದಳು.

ಹೀಗೆ ಶೆವಂತಾಳಿಗೆ ಸಂಜೆ ಸಿಕ್ಕಿತು. ಸಿಕ್ಕಮೇಲೆ ಅದನ್ನು ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯದು! ಮೊದಲೆರಡು ದಿನ ಬೀಗರ ಮನೆಗೆ ಬಂದವರ ಹಾಗೆ ಎದುರುಬದರು ಕೂತರು. ಅವನ ಚಹಾಕ್ಕೆ ಬೆಲ್ಲ ಹೆಚ್ಚು ಬೇಕು, ಆಕೆಗೆ ಬಾಳೆಹಣ್ಣು ಸೇರುವುದಿಲ್ಲ ಎಂಬಲ್ಲಿಂದ ಸಂಸಾರ ಶುರುವಾಯಿತು. ಮೂರನೆಯ ದಿನ ಜಗಳವಾಯಿತು, ನೀರಿನ ಕೊಡದ ಮೇಲೆ. ಜಗಳವಾಡಲು ಪುರುಸೊತ್ತು ಸಿಕ್ಕಿತಲ್ಲ ಎಂದು ಶೆವಂತಾಳಿಗೆ ಒಳಗೊಳಗೇ ಖುಷಿ. ಏಳೂವರೆಗೆ ಗುಂಡು ಹೊರಟರೆ ಆಕೆ ಬಾಗಿಲವರೆಗೆ ಬಂದು ನಿಲ್ಲುತ್ತಿದ್ದಳು. ಮಳೆಗಾಲವೆಲ್ಲ ಹೀಗೆ ಕಳೆಯಿತು. ಸುಖವಾಗಿ ಕಳೆಯಿತು ಎಂದೇ ಹೇಳಬೇಕು.

ದಸರಾ ಹತ್ತಿರವಾದಾಗ ಧೊಂಡುಬಾಯಿ ನೂಲದಿಂದ ಎಸ್.ಟಿ. ಹತ್ತಿ ತಾನೇ ಬಂದಿಳಿದಳು. ಮಡಿಲು ಇನ್ನೂ ತುಂಬಿರಲಿಲ್ಲ. ಮಹಾಗಾಂವದ ಮಾತು ಮುಗಿಸಲು ಬಂದಿದ್ದಾಳೆಂದು ಯಾರೂ ಹೇಳಬೇಕಾಗಿರಲಿಲ್ಲ. ಮುದುಕಿ ಗೋಡೆಗೆ ಒರಗಿ ಎಲೆಯಡಿಕೆ ಕುಟ್ಟುತ್ತ ಕುಳಿತಳು. ನಾಲ್ಕಕ್ಕೆ ಶೆವಂತಾ ಬಂದಳು. ಗುಂಡು ಒಲೆ ಹೊತ್ತಿಸಿ ಚಹಾಕ್ಕೆ ಇಟ್ಟಿದ್ದ. ಅತ್ತೆಯ ಎದುರು ಇದೇನು ಎಂದು ಆಕೆ ನಾಚಿ ಕಸಿದುಕೊಳ್ಳಹೋದರೆ ಆತ ಬಿಡಲಿಲ್ಲ. ಶೆಡ್ಡಿನ ಸುದ್ದಿ, ಓಣಿಯ ಸುದ್ದಿ, ಜಿನಪಾಲರ ಕೈ ಮತ್ತು ಹೌಸಾಬಾಯಿಯ ಕೆಮ್ಮಿನ ಸುದ್ದಿ. ಆಕೆ ಹೇಳುವಳು, ಆತ ಗುಳಿ ಬಿದ್ದ ಕೆನ್ನೆಯಲ್ಲಿ ನಗುವನು. ಧೊಂಡುಬಾಯಿ ಕುಟ್ಟುವುದನ್ನು ನಿಲ್ಲಿಸಿ ಒಮ್ಮೆ ಮಗನನ್ನು, ಒಮ್ಮೆ ಸೊಸೆಯನ್ನು ನೋಡತೊಡಗಿದಳು.

ಗುಂಡು ಅಂಗಿ ಹಾಕಿಕೊಳ್ಳುವಾಗ ತಾಯಿಯ ಕಡೆ ಬೆನ್ನು ಮಾಡಿ ಹೇಳಿದ: "ಅವ್ವಾ, ಮಹಾಗಾಂವಕ್ಕ ಹೇಳಿ ಕಳಸು, ನಾ ಒಲ್ಲೆ. ಮತ್ತ ಈ ಶುಕ್ರವಾರ ನಾ ಊರಿಗಿ ಬರಂಗಿಲ್ಲ. ತಿಂಗಳಿಗೊಮ್ಮಿ ಇಬ್ಬರೂ ಕೂಡಿ ಬರತೇವಿ."

ಹೇಳಿ, ಬೈಗುಳಕ್ಕೆ ಕಾಯದೆ ಓಣಿಗಿಳಿದ. ಬಾಯಿಲ್ಲದ ಬಸವಣ್ಣ ಮಾತಾಡಿದ್ದ, ಇನ್ನು ಅದರ ಪ್ರಸಾದ ತನಗೇ ಎಂದು ಶೆವಂತಾ ತಲೆತಗ್ಗಿಸಿ ಕುಳಿತಳು.

ಧೊಂಡುಬಾಯಿ ಬೈಯಲಿಲ್ಲ. ಕುಟ್ಟಿದ ಎಲೆಯಡಿಕೆ ಬಾಯಿಗೆ ಹಾಕಿಕೊಂಡು, "ಇಂವಾ ದಿನಾ ಹಿಂಗ ನಗತಾನೇನ?" ಎಂದು ಕೇಳಿದಳು.

"ಹೌದ್ರಿ ಅತ್ತಿ."

"ನಿಮ್ಮ ಮಾವ ಗೌಡರ ಮನ್ಯಾಗ ವರ್ಷದ ಆಳು ಇದ್ದಾ," ಎಂದಳು ಮುದುಕಿ. "ಅಲ್ಲೇ ಕೊಟ್ಟಿಗ್ಯಾಗ ಮಲಗಾಂವ. ಅಮಾಸಿ ದಿನ ಎತ್ತಿಗಿ ಸೂಟಿ, ಆವತ್ತ ಅವಗೂ ಸೂಟಿ. ಬಂದಾಂವ ಉಂಡ ಬಿದ್ಕೊಳ್ಳಾಂವ. ಎದ್ದ ಹೋಗಾಂವ. ಅಂವ ನಗತಿದ್ನೋ ಇಲ್ಲೋ ನನಗ ಗೊತ್ತಿಲ್ಲ."

ಶೆವಂತಾ ಅತ್ತೆಯ ಹತ್ತಿರ ಸರಿದು ಕುಳಿತಳು. ಧೊಂಡುಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ನಾ ಅದಕ್ಕಽ ಸಂಸಾರ ಅಂತಾರ ಅಂತ ತಿಳಕೊಂಡಿದ್ನೆವ್ವಾ," ಎಂದಳು.